ವಾಹನದ ಮೋರೆ ಯಾರಿಗೆ ಸೇರಿದ್ದು?

ಹೆಬ್ಬಾಗಿಲಿಗೆ ತೋರಣ ಕಟ್ಟುವ ಜನ ನಾವು. ದೋಣಿಯ ಮೂತಿಗೆ ಬಣ್ಣ ಬಳಿಯುತ್ತೇವೆ; ಬಸ್ಸಿನ ಹಣೆಯ ಮೇಲೆ ದೇವರ ಹೆಸರನ್ನು ಬರೆಸಿ ಹೂಮಾಲೆ ತೊಡಿಸುತ್ತೇವೆ. ಆದುದರಿಂದ ಮೋಟಾರು ಕೊಂಡವನೊಬ್ಬನು ಅದರ ಮೋರೆಯನ್ನು ತನಗೆ ಒಪ್ಪುವಂತೆ ತಿದ್ದಿಸಿಕೊಂಡರೆ ಅದು ಬರಿಯ ಹುಚ್ಚಾಟವೆಂದು ತಳ್ಳಿಹಾಕುವವರ ಪಕ್ಷಕ್ಕೆ ನಾನು ಸೇರಿದವನಲ್ಲ.

ಈ ಗೀಳು ನಮ್ಮೂರಿಗೆ ಮಾತ್ರ ಸೀಮಿತವೂ ಅಲ್ಲ. ಅಮೆರಿಕದಲ್ಲಿ 1953ರಲ್ಲಿ ಹೊರಬಂದ ಷೆವರ್ಲೆ ಕಾರ್ವೆಟ್ ಎಂಬ ಕ್ರೀಡಾ ಕಾರಿನ ಕಥೆಯನ್ನು ನೋಡಬಹುದು. ಅದರ ಮೈ ಉಕ್ಕಿನ ತಗಡಿನದಲ್ಲ, ಗಾಜಿನ ನಾರಿಗೆ ರಾಳ ಸೇರಿಸಿ ಅಚ್ಚಿನಿಂದ ತೆಗೆದದ್ದು. ಗಂಗೊಳ್ಳಿ ಬಂದರಿನ ಫೈಬರ್ ದೋಣಿಗಳೂ ಅದೇ ಜಾತಿಯವು. ಇಂಥ ಮೈಯನ್ನು ಕೊಯ್ದು ಬೇರೆ ಮೂತಿ ಅಂಟಿಸುವುದು ತಗಡಿನ ಕಾರಿಗಿಂತ ಸುಲಭ. 1963ರ ಮಾದರಿಯಿಂದ ಅದರ ದೀಪಗಳು ಒಳಗೆ ಅಡಗಿದ್ದು, ಬೇಕೆಂದಾಗ ಹೊರಬರುತ್ತಿದ್ದವು. 1968ರ ಮಾದರಿಯಲ್ಲಿ ಅವುಗಳನ್ನು ಎತ್ತುವ ಕೆಲಸವನ್ನು ಎಂಜಿನಿನ ನಿರ್ವಾತಕ್ಕೆ ಒಪ್ಪಿಸಿದರು. ರಬ್ಬರು ಕೊಳವೆ ಹಳತಾಗಿ ಸೋರಿತೆಂದರೆ ಒಂದು ಕಣ್ಣು ತೆರೆದು ಇನ್ನೊಂದು ಮುಚ್ಚಿಯೇ ಉಳಿಯುವುದು! ಬೇಸತ್ತ ಮಾಲಿಕರು ಸದಾ ತೆರೆದಿರುವ ದೀಪಗಳನ್ನು ಕೂರಿಸಿಕೊಂಡರು. 1973ರಲ್ಲಿ ಅಲ್ಲಿನ ಸರಕಾರದ ನಿಯಮಕ್ಕೆ ತಲೆಬಾಗಿ ಮುಂದಿನ ಕ್ರೋಮ್ ಬಂಪರನ್ನು ಬಿಟ್ಟು, ಗಂಟೆಗೆ 5 ಮೈಲಿ ವೇಗದ ಡಿಕ್ಕಿಯನ್ನು ತಾಳುವ ಮೆತ್ತನೆಯ ಮೂತಿಯನ್ನು ಇಟ್ಟರು. ಹಳೆಯ ಮೋರೆಯೇ ಚೆಲುವೆಂದು ಅದನ್ನೇ ಹೊಸ ಕಾರಿಗೆ ಜೋಡಿಸಿಕೊಂಡವರೂ ಉಂಟು. ರಸಿಕತೆಯ ವಿಷಯ; ನಮಗೇಕೆ ಅದರ ತಕರಾರು?

ಆದರೆ ಬ್ರಹ್ಮಾವರದಿಂದ ಕೋಟ, ಕುಂದಾಪುರಗಳನ್ನು ದಾಟಿ ಬೈಂದೂರಿನತ್ತ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಅರ್ಧ ಗಂಟೆ ನಿಂತವರಿಗೆ ಬೇರೆಯೇ ಬಗೆಯ ಮೋರೆಗಳು ಕಾಣಸಿಗುತ್ತವೆ. ಜೀಪು, ಕಾರುಗಳ ಮುಂದೆ ಉಕ್ಕಿನ ದಪ್ಪ ಕೊಳವೆಗಳ ಗಾರ್ಡು. ಅದರ ಮೇಲೆ ಸಾಲು ದೀಪ. ಕೇಳಿದರೆ, ‘ದನ ಅಡ್ಡ ಬಂದರೆ ಏನು ಮಾಡೋದು ಮಾರಾಯ್ರೆ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ದನ ಅಡ್ಡ ಬರುವುದು ಸುಳ್ಳಲ್ಲ. ಅಡ್ಡ ಬರುವವರಲ್ಲಿ ಕಾಲೇಜಿಗೆ ಹೊರಟ ನಾವೂ ಇದ್ದೇವೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇಂದಿನ ಕಾರಿನ ಮುಂಭಾಗವನ್ನು ಬೇಕೆಂದೇ ಮುದುಡುವಂತೆ ಕಟ್ಟಿರುತ್ತಾರೆ. ಡಿಕ್ಕಿಯಾದಾಗ ಅದು ನಜ್ಜುಗುಜ್ಜಾಗಿ ಪೆಟ್ಟಿನ ಶಕ್ತಿಯನ್ನು ತಾನು ನುಂಗುತ್ತದೆ. ಚಾಸಿಗೆ ಬಿಗಿದ ಗಾರ್ಡು ಆ ಪೆಟ್ಟನ್ನು ನೇರವಾಗಿ ಒಳಕ್ಕೆ ದಾಟಿಸುತ್ತದೆ. ಗಾಳಿಚೀಲ ಯಾವಾಗ ಬಿಚ್ಚಿಕೊಳ್ಳಬೇಕೆಂಬ ಲೆಕ್ಕವೂ ತಪ್ಪಬಹುದು. ಇದು ಒಳಗೆ ಕುಳಿತವನ ಪಾಡು. ಹೊರಗಿನವನ ಪಾಡು ಇನ್ನೂ ಕಷ್ಟ. ಅಗಲವಾದ ಬಾನೆಟ್ಟಿನ ಮೇಲೆ ಹರಡಬೇಕಾದ ಹೊಡೆತವೆಲ್ಲ ಒಂದು ಕೊಳವೆಯ ಅಗಲಕ್ಕೆ ಇಳಿದು ಅವನ ತೊಡೆಗೋ, ಮಗುವಾದರೆ ತಲೆಗೋ ತಗಲುತ್ತದೆ. ಕೊಡಚಾದ್ರಿಯ ಕಲ್ಲುದಾರಿ ಹತ್ತುವ ಜೀಪಿಗೆ ಗಟ್ಟಿ ಮೋರೆ ಬೇಕೆಂದರೆ ಅರ್ಥವಾದರೂ ಆದೀತು. ಕುಂದಾಪುರದ ಪೇಟೆಯಲ್ಲಿ ತರಕಾರಿ ಕೊಳ್ಳಲು ಬರುವ ಕಾರಿಗೆ ಅದೇಕೆ?

ದೀಪದ ಕಥೆಯೂ ಹೀಗೆಯೇ. ಕೊಲ್ಲೂರು, ಸಿದ್ದಾಪುರ, ಅಮಾಸೆಬೈಲಿನ ಕಡೆಯ ಇಕ್ಕಟ್ಟಾದ ದಾರಿಗಳಲ್ಲಿ, ರಾತ್ರಿ ಆಟ ನೋಡಿ ನಡೆದು ಬರುವವರ ಮೇಲೆ ಬಿಳಿಯ ಬೆಳಕು ಸುರಿದಾಗ ಚರಂಡಿ ಯಾವುದು, ರಸ್ತೆ ಯಾವುದು ತಿಳಿಯದು. ಯಕ್ಷಗಾನದ ರಾಕ್ಷಸನೂ ಭಯಂಕರ ಮೋರೆ ಬರೆದುಕೊಳ್ಳುತ್ತಾನೆ. ಆದರೆ ಆಟ ಮುಗಿಯಿತೆಂದರೆ ಚೌಕಿಗೆ ಹೋಗಿ ಬಣ್ಣ ಒರೆಸಿಕೊಳ್ಳುತ್ತಾನೆ.

ಕಾನೂನಿಗೇನೂ ಕೊರತೆಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. 2019ರ ತಿದ್ದುಪಡಿಯಂತೆ ಪ್ರತಿಯೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡವೋ, ಆರು ತಿಂಗಳವರೆಗಿನ ಸೆರೆಯೋ, ಎರಡೂ ಕೂಡಿಯೋ ಆಗಬಹುದು. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳವರ ಮೇಲೆ ಸಾವಿರಾರು ಮೊಕದ್ದಮೆ ಹೂಡಿದರು. ಆದರೂ ಗಾರ್ಡು ಮಾರುವ ಅಂಗಡಿಗಳು ಮುಚ್ಚಿಲ್ಲ. ಕೊಳ್ಳುವವನಿಗಷ್ಟೆ ದಂಡ, ಮಾರುವವನಿಗೆ ಲಾಭ ಎಂಬ ಏರ್ಪಾಡು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕಾರಿನ ಒಳಗು ಮಾಲಿಕನದು. ಮೆತ್ತೆ, ಸಂಗೀತ, ಬಣ್ಣ ಎಲ್ಲವೂ ಅವನ ಇಷ್ಟ. ಮುಂಭಾಗಕ್ಕೆ ಮಾತ್ರ ಎದುರಿಗೆ ಬರುವವನೂ ಪಾಲುದಾರನೆಂದು ನನ್ನ ವಾದ. ಹೂಮಾಲೆ ಇರಲಿ, ಹೆಸರು ಇರಲಿ. ಕೊಳವೆಯನ್ನು ಬಿಚ್ಚಲು ಸ್ಪ್ಯಾನರು ಹಿಡಿದ ಒಬ್ಬ ಮೆಕ್ಯಾನಿಕ್ ಸಾಕು. ನಮ್ಮ ಕಾಲೇಜಿನ ಆವರಣದಲ್ಲಿ ನಿಲ್ಲುವ ಕಾರು, ಬೈಕುಗಳಿಂದಲೇ, ಮುಂದಿನ ಮಳೆಗಾಲಕ್ಕೆ ಮೊದಲು, ಈ ಕೆಲಸ ಆರಂಭವಾಗಲೆಂದು ಸಹಪಾಠಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ಕೇಳಿಕೊಳ್ಳುತ್ತೇನೆ.