ಶಾಲೂ ಬೇಡ, ಕಲ್ಲೂ ಬೇಡ



ಬೋರಾಮಣಿ ದಾಟಿ ಹೋಗುವ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಅಪಘಾತವಾದರೆ ನಾವು ಮೊದಲು ಮಾಡುವುದೇನು? ಮೊಬೈಲ್ ತೆಗೆಯುತ್ತೇವೆ, 108ಕ್ಕೆ ಕರೆ ಮಾಡಲು ಅಲ್ಲ, ವಿಡಿಯೋ ಮಾಡಲು. ಗಾಯಾಳು ಬದುಕಿದರೆ ಡಾಕ್ಟರೇ ದೇವರು. ಜುಲೈ 1ರಂದು ಅವರಿಗೆ ಶಾಲು, ಹಾರ. ಸತ್ತರೆ ಅದೇ ಡಾಕ್ಟರ ಕೊರಳಪಟ್ಟಿಗೆ ಕೈ. ಎರಡೂ ನಮ್ಮ ಹೊಣೆ ತಪ್ಪಿಸಿಕೊಳ್ಳುವ ದಾರಿಗಳೇ.

ದಯಾಳು ಸಮಾರಿಯದವನ ಸಾಮತಿ ನಮಗೆ ಅರ್ಧವೇ ನೆನಪಿದೆ. ಗಾಯ ಕಟ್ಟಿದ್ದು ಗೊತ್ತು. ಛತ್ರದವನಿಗೆ ಹಣ ಕೊಟ್ಟು, ಮರಳಿ ಬರುವಾಗ ಉಳಿದ ಲೆಕ್ಕ ತೀರಿಸುವೆನೆಂದು ಮಾತು ಕೊಟ್ಟದ್ದು ಮರೆತಿದ್ದೇವೆ. ಅವನ ಕರುಣೆಗೆ ಲೆಕ್ಕವೂ ಇತ್ತು, ಮರಳಿ ವಿಚಾರಿಸುವ ಮನಸ್ಸೂ ಇತ್ತು.

ತುರ್ತು ಚಿಕಿತ್ಸೆಯ ವೈದ್ಯರ ಕೆಲಸವೂ ಹೀಗೆಯೇ. ಯಾರು ಮೊದಲು ಬಂದರು ಎಂದಲ್ಲ, ಯಾರ ಜೀವ ಹೆಚ್ಚು ಅಪಾಯದಲ್ಲಿದೆ ಎಂದು ನೋಡಬೇಕು. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹೆಪ್ಪುಗಟ್ಟಿದ ರಕ್ತದಿಂದ ಪಾರ್ಶ್ವವಾಯು ಆದವರಿಗೆ ಹೆಪ್ಪು ಕರಗಿಸುವ ಔಷಧ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ತಡವಾದರೆ ಏಕೆ? ಸ್ಟ್ರೆಚರ್ ಇರಲಿಲ್ಲವೇ, ಇಸಿಜಿ ಕಾಗದ ಮುಗಿದಿತ್ತೇ? ಕಾರಣ ಹುಡುಕಿ, ಸರಿಪಡಿಸಿ, ಮುಂದಿನ ತಿಂಗಳು ಮತ್ತೆ ಎಣಿಸಬೇಕು. ಈ ಕೆಲಸಕ್ಕೆ ಯಾರೂ ಶಾಲು ಹೊದಿಸುವುದಿಲ್ಲ. ಜೀವ ಉಳಿಯುವುದು ಮಾತ್ರ ಇದರಿಂದಲೇ.

ಹಾಗಾದರೆ ತಪ್ಪಾದಾಗ ಸುಮ್ಮನಿರಬೇಕೇ? ಖಂಡಿತ ಬೇಡ. ರೋಗಿ ಎಷ್ಟು ಗಂಟೆಗೆ ತಲುಪಿದರು, ಡಾಕ್ಟರು ಎಷ್ಟು ಗಂಟೆಗೆ ನೋಡಿದರು ಎಂದು ಬರೆದು ಕೇಳೋಣ. ಕಲ್ಲು ತೂರಿದ ಆಸ್ಪತ್ರೆಯಲ್ಲಿ ಮರುದಿನ ನಮ್ಮ ತಾಯಿಯನ್ನು ನೋಡಲು ಯಾರು ಉಳಿದಿರುತ್ತಾರೆ?

‘ಪೊಲೀಸ್ ಕೇಸು ಮೈಮೇಲೆ ಬರುತ್ತದೆ’ ಎಂಬ ನೆಪವೂ ಈಗ ನಡೆಯದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರನ್ನು ರಕ್ಷಿಸುತ್ತದೆ. 108 ಕರ್ನಾಟಕದಲ್ಲಿ 2008ರಿಂದ, ಮಹಾರಾಷ್ಟ್ರದಲ್ಲಿ 2014ರಿಂದ ಇದೆ. ಗಡಿ ದಾಟಿದರೂ ನಂಬರು ಅದೇ.

ಡಾ. ದ್ವಾರಕಾನಾಥ ಕೋಟ್ನೀಸ್ ಹುಟ್ಟಿದ್ದು ಸೊಲ್ಲಾಪುರದಲ್ಲಿ. 1938ರಲ್ಲಿ ಯುದ್ಧದ ಗಾಯಾಳುಗಳಿಗಾಗಿ ಚೀನಾಕ್ಕೆ ಹೋದರು, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹೆಸರು ಹೇಳಿ ಎದೆಯುಬ್ಬಿಸುವ ನಾವು ನಮ್ಮೂರ ರಸ್ತೆಯಲ್ಲಿ ಬೈಕ್ ನಿಲ್ಲಿಸಲು ಹಿಂಜರಿದರೆ ಆ ಹೆಮ್ಮೆಗೆ ಏನು ಬೆಲೆ?

ಈ ವರ್ಷ ಶಾಲಿನ ಹಣ ಉಳಿಸೋಣ. ಒಂದು ಭಾನುವಾರ ಬಲಿಪೂಜೆಯ ನಂತರ ವೈದ್ಯರನ್ನು ಕರೆಸಿ, ರಕ್ತಸ್ರಾವ ತಡೆಯುವುದನ್ನೂ ನಿಂತ ಎದೆಬಡಿತಕ್ಕೆ ಎದೆ ಒತ್ತುವುದನ್ನೂ ಕಲಿಯೋಣ. ವೈದ್ಯರಿಗೆ ನಾವು ಮಾಡಬಹುದಾದ ನಿಜವಾದ ಸನ್ಮಾನ ಅದು.