ಹೊಗೆಗೂಡಿನ ಅತಿಥಿಗಳು

ಅಮೇರಿಕಾ ದೇಶದ ಒರೆಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ ಚಾಪ್‌ಮನ್ ಎಂಬ ಪ್ರಾಥಮಿಕ ಪಾಠಶಾಲೆಯುಂಟು. 1980ರ ದಶಕದಿಂದ ಮೊದಲ್ಗೊಂಡು ಅನೇಕ ವರುಷಗಳ ಸೆಪ್ಟೆಂಬರು ಸಂಜೆಗಳಲ್ಲಿ, ದಕ್ಷಿಣದ ಬೆಚ್ಚನೆಯ ನಾಡುಗಳಿಗೆ ವಲಸೆ ಹೊರಟ ಸ್ವಿಫ್ಟ್ ಎಂಬ ಪುಟ್ಟ ಪಕ್ಷಿಗಳು ಸಾವಿರಾರು ಸಂಖ್ಯೆಯಲ್ಲಿ ಅದರ ಹೊಗೆಗೂಡಿನ ಮೇಲೆ ನೆರೆದುವು. ಊರ ಜನರು ಪಕ್ಕದ ದಿಣ್ಣೆಯ ಮೇಲೆ ಕುಳಿತು ನೋಡುತ್ತಿರಲು, ಕತ್ತಲಾಗುತ್ತಲೇ ಅವು ಸುಳಿಯಂತೆ ತಿರುಗುತ್ತ ಒಳಗಿಳಿಯುತ್ತಿದ್ದುವು.

ಈ ಹಕ್ಕಿಗಳ ಕಾಲುಗಳು ಕೊಂಬೆಯ ಮೇಲೆ ಕುಳಿತುಕೊಳ್ಳಲು ತಕ್ಕವಲ್ಲ. ಒರಟು ಗೋಡೆಗೆ ಉಗುರೂರಿ ಜೋತುಬಿದ್ದೇ ನಿದ್ರಿಸಬೇಕು. ಪೂರ್ವದಲ್ಲಿ ಮುದಿಮರಗಳ ಪೊಟರೆಗಳು ಇವಕ್ಕೆ ಆಶ್ರಯವಾಗಿದ್ದುವು. ಮರಗಳನ್ನು ಮನುಷ್ಯನು ಕಡಿದನು. ಹಕ್ಕಿಗಳು ಮನುಷ್ಯನ ಹೊಗೆಗೂಡನ್ನೇ ಆಶ್ರಯಿಸಿದುವು.

ಶಾಲೆಯವರು ಈ ಅತಿಥಿಗಳು ಹೋಗುವವರೆಗೆ ಕಟ್ಟಡವನ್ನು ಬೆಚ್ಚಗಿಡುವ ಒಲೆಯನ್ನು ಹೊತ್ತಿಸದೆ, ಉಣ್ಣೆಯ ಅಂಗಿಗಳನ್ನು ತೊಟ್ಟು ಚಳಿಯಲ್ಲೇ ಪಾಠ ನಡೆಸಿದರು. ಮುಂದೆ ದಾನಿಗಳ ನೆರವಿನಿಂದ ಬೇರೆ ಏರ್ಪಾಡಾಗಿ, ಹೊಗೆಗೂಡು ಹಕ್ಕಿಗಳಿಗೇ ಮೀಸಲಾಯಿತು.

ಹಕ್ಕಿಗಳಿಗಾಗಿ ಮಕ್ಕಳು ನಡುಗುವುದು ತರವೇ ಎಂದು ಕೇಳುವವರುಂಟು. ತರವೆಂದೇ ನನ್ನ ಅಭಿಪ್ರಾಯ. ಮರ ಕಡಿದವರು ಪೊಟರೆಯ ಸಾಲವನ್ನು ತೀರಿಸಲೇಬೇಕು. ಮೇಲಾಗಿ, ದಯೆಯ ಪಾಠವನ್ನು ಪುಸ್ತಕದಲ್ಲಿ ಓದಿದ ಮಗು ಮರೆತೀತು. ಅದಕ್ಕಾಗಿ ಚಳಿಯನ್ನು ಸಹಿಸಿದ ಮಗು ಮರೆಯದು. ಸಹೋದರಿಯರೇ, ನಮ್ಮ ಮೊಗಸಾಲೆಯ ಸೂರಿನಲ್ಲಿ ಹಕ್ಕಿಯ ಗೂಡು ಕಂಡಾಗ, ಕಸವೆಂದು ಕೋಲೆತ್ತುವ ಮೊದಲು ಆ ಮಕ್ಕಳನ್ನು ನೆನೆಯೋಣ.