ಗ್ರಂಥಾಲಯದ ಬೀಗದ ಕೈ ಯಾರಲ್ಲಿದೆ?

ಹೊರನಾಡಿನ ಕನ್ನಡ ಸಂಘಗಳಲ್ಲಿ ಪುಸ್ತಕಗಳಿಗೆ ಅಷ್ಟಾಗಿ ಕೊರತೆಯಿಲ್ಲ. ಕಾರಂತರು, ತ್ರಿವೇಣಿ, ಭೈರಪ್ಪ ಎಲ್ಲರೂ ಕಬ್ಬಿಣದ ಕಪಾಟುಗಳಲ್ಲಿ ಒತ್ತೊತ್ತಾಗಿ ನಿಂತಿರುತ್ತಾರೆ. ಕೊರತೆಯಿರುವುದು ಕಪಾಟನ್ನು ತೆರೆಯುವ ಕೈಗಳದು. ಮುಂಬಯಿಯಂಥ ನಗರದಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಾಲ ಗ್ರಂಥಾಲಯ ತೆರೆದಿರಬೇಕಾದರೆ, ಡೊಂಬಿವಲಿಯಿಂದಲೋ ವಸಯಿಯಿಂದಲೋ ಒಬ್ಬರು ಲೋಕಲ್ ಗಾಡಿ ಹಿಡಿದು ಬರಬೇಕು. ಮೆಗಾ ಬ್ಲಾಕ್ ಬರುವುದೂ ಭಾನುವಾರವೇ! ಆ ಒಬ್ಬರು ಸಾಮಾನ್ಯವಾಗಿ ನಿವೃತ್ತರು. ಬೀಗದ ಕೈ ಅವರ ಜೇಬಿನಲ್ಲಿ, ಯಾವ ಪುಸ್ತಕ ಯಾರ ಮನೆಯಲ್ಲಿದೆಯೆಂಬ ಲೆಕ್ಕ ಅವರ ತಲೆಯಲ್ಲಿ. ಅವರು ಊರಿಗೆ ಹೋದ ತಿಂಗಳು ಗ್ರಂಥಾಲಯಕ್ಕೂ ರಜೆ. ಅವರು ಹಾಸಿಗೆ ಹಿಡಿದರೆ ಗ್ರಂಥಾಲಯವೂ ಹಾಸಿಗೆ ಹಿಡಿಯುತ್ತದೆ.

ಇದನ್ನು ಸಮಿತಿಗಳು ನಿಷ್ಠೆಯೆಂದು ಕೊಂಡಾಡಿ ಶಾಲು ಹೊದಿಸುತ್ತವೆ. ನಿಷ್ಠೆ ನಿಜವೇ, ವ್ಯವಸ್ಥೆ ಮಾತ್ರ ಕೆಟ್ಟದ್ದು. ಬ್ಯಾಂಕಿನ ಖಜಾನೆಗೆ ಎರಡು ಬೀಗದ ಕೈಗಳು, ಅವೂ ಇಬ್ಬರ ವಶದಲ್ಲಿ. ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆಯಿಲ್ಲದೆ, ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನಗಳ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಸೂಚಿಸಿತು. ಅದರ ಉದ್ದೇಶ ವಂಚನೆಯನ್ನು ತಡೆಯುವುದು. ಸಂಘದ ಗ್ರಂಥಾಲಯದಲ್ಲಿ ಅಂಥ ಶಂಕೆಗೆ ಎಡೆಯಿಲ್ಲ. ಆದರೆ ಒಬ್ಬರು ಎದ್ದುಹೋದಾಗ ಇನ್ನೊಬ್ಬರು ಆ ಕುರ್ಚಿಯಲ್ಲಿ ಕುಳಿತು ಕೆಲಸ ಕಲಿಯಲೇಬೇಕಾಗುತ್ತದೆಂಬ ಲಾಭ ಇಲ್ಲಿಗೂ ಬೇಕಾದದ್ದು.

ತರುಣರು ಬರುವುದಿಲ್ಲವೆಂಬುದು ಹಳೆಯ ದೂರು. ರಾಜ್ಯೋತ್ಸವದಂದು ಕುರ್ಚಿ ಹೊರುವವರೂ ಊಟ ಬಡಿಸುವವರೂ ಆ ತರುಣರೇ ಅಲ್ಲವೇ? ಆ ಕೆಲಸಕ್ಕೆ ಒಂದು ಕೊನೆಯಿದೆ, ಆದ್ದರಿಂದ ಬರುತ್ತಾರೆ. ಗ್ರಂಥಾಲಯಕ್ಕೆ ಅವರನ್ನು ಕರೆಯುವಾಗ ಮಾತ್ರ "ಇನ್ನು ಮುಂದೆ ನೀವೇ ನೋಡಿಕೊಳ್ಳಿ" ಎನ್ನುತ್ತಾರೆ. ಅವಧಿಯಿಲ್ಲದ ಸಾಲಕ್ಕೆ ಯಾವ ಜಾಣನೂ ಸಹಿ ಹಾಕಲಾರ. ತಿಂಗಳಿಗೆ ಎರಡು ಭಾನುವಾರ, ಜೊತೆಗೊಬ್ಬರು, ಒಂದು ವರ್ಷ ಮಾತ್ರ ಎಂದು ಕೇಳಿ ನೋಡಬೇಕು. ಕನ್ನಡ ಆಡಬಲ್ಲರು, ಓದಲಾರರು ಎಂಬ ಮಕ್ಕಳಿಗೂ ಇಲ್ಲಿ ಕೆಲಸವುಂಟು. ಪುಸ್ತಕದ ಸಂಖ್ಯೆ, ಸದಸ್ಯರ ಸಂಖ್ಯೆ ಬರೆಯುತ್ತ ಬರೆಯುತ್ತ ಬೆನ್ನಿನ ಮೇಲಣ ಅಕ್ಷರಗಳೂ ಪರಿಚಯವಾದಾವು.

ಗಣಿತದ ಅಧ್ಯಾಪಕರಾಗಿದ್ದು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲ ಉಳಿಸಬೇಕೆಂಬುದು. ಸಂಬಳವಿಲ್ಲದೆ ದುಡಿಯುವವರ ಕಾಲಕ್ಕೂ ಆ ಬೆಲೆ ಸಲ್ಲಬೇಕು.

ಕಾಲಕ್ಕೆ ಮಾತ್ರವಲ್ಲ, ಜೇಬಿಗೂ. ಹೋಗಿಬರುವ ಖರ್ಚನ್ನು ಸಂಘವೇ ಕೊಡಬೇಕು. ಬೇಡವೆನ್ನುವವರು ಅದನ್ನು ದೇಣಿಗೆಯಾಗಿ ಹಿಂತಿರುಗಿಸಲಿ, ರಸೀದಿ ಸಿಗುತ್ತದೆ. ವರ್ಷಕ್ಕೊಮ್ಮೆ ಪುಸ್ತಕಗಳನ್ನು ಪಟ್ಟಿಯೊಡನೆ ತಾಳೆ ನೋಡಿದಾಗ ಕೆಲವು ಕಾಣೆಯಾಗಿರುವುದು ಸಹಜ. ಆ ನಷ್ಟವನ್ನು ಸಮಿತಿಯೇ ನಿರ್ಣಯ ಮಾಡಿ ಲೆಕ್ಕದಿಂದ ತೆಗೆಯಬೇಕೇ ಹೊರತು, ಸ್ವಯಂಸೇವಕನ ಮುಖ ನೋಡುತ್ತ ಕೂರಬಾರದು. ಒಮ್ಮೆ ಹಾಗೆ ನೋಡಿಸಿಕೊಂಡವನು ಮತ್ತೆ ಬಾರನು. ಇನ್ನು ಹಳೆಯ ಪುಸ್ತಕಗಳ ಧೂಳು: ಉಬ್ಬಸವಿರುವವರಿಗೆ ಕಪಾಟು ಝಾಡಿಸುವ ಕೆಲಸ ಬೇಡ, ಅವರಿಗೆ ದಾಖಲೆಯ ಪುಸ್ತಕ ಕೊಡಬೇಕು. ಉಳಿದವರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಲೇಸು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಖಜಾಂಚಿಯ ವರದಿಯಾದ ಮೇಲೆ ಯಾರಾದರೊಬ್ಬ ಸದಸ್ಯರು ಎದ್ದುನಿಂತು, ಗ್ರಂಥಾಲಯದ ಎರಡನೆಯ ಬೀಗದ ಕೈ ಯಾರಲ್ಲಿದೆಯೆಂದು ಕೇಳಲಿ.